ಬಾಯಿ ಕಟ್ಟಿದ ರೂಟರು

ಭೂಮಿಯ ಮೇಲೆ ಹುಟ್ಟಿದ ಪುಕ್ಕಲರನ್ನೆಲ್ಲ ಒಂದು ಸಾಲಿನಲ್ಲಿ ನಿಲ್ಲಿಸಿದರೆ ನಮ್ಮ ಪುಕ್ಕಲರಾಯ ಆ ಸಾಲಿನ ಮುಂದೆಯೂ ನಿಲ್ಲುತ್ತಿರಲಿಲ್ಲ, ಹಿಂದೆಯೂ ನಿಲ್ಲುತ್ತಿರಲಿಲ್ಲ. ಸಾಲಿನಲ್ಲಿ ಯಾರಾದರೂ ತಳ್ಳಿದರೆ ಎಂಬ ಭಯಕ್ಕೆ ಮನೆಯಲ್ಲೇ ಉಳಿದುಬಿಡುತ್ತಿದ್ದ. ಲಿಫ್ಟು ನಡುವೆ ನಿಂತರೆ ಗತಿಯೇನೆಂದು ಏಳನೇ ಮಹಡಿಯ ಆಫೀಸಿಗೆ ದಿನವೂ ಮೆಟ್ಟಿಲು ಹತ್ತಿಯೇ ಬರುತ್ತಿದ್ದ. ಮೆಟ್ಟಿಲಲ್ಲಿ ಕಾಲು ಜಾರಿದರೆ ಎಂದು ಕಂಬಿಯನ್ನು ಎಷ್ಟು ಬಿಗಿಯಾಗಿ ಹಿಡಿಯುತ್ತಿದ್ದನೆಂದರೆ, ಕಂಬಿಯ ಹಸಿರು ಬಣ್ಣವೆಲ್ಲ ಅವನ ಅಂಗೈಗೆ ಇಳಿದು, ಕೈಕುಲುಕಿದವರು ಹೋಗಿ ಸೋಪು ಹುಡುಕಬೇಕಾಗುತ್ತಿತ್ತು. ಅವನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಒಂದಿತ್ತು. ಅದು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು.

ಇಂಥವನಿಗೆ ದೇವರು ಹುಡುಕಿ ಹುಡುಕಿ ಹೆದರುವ ಕೆಲಸವನ್ನೇ ಕೊಟ್ಟಿದ್ದ. ಅವನ ಕಂಪನಿ ಊರಿನ ಆಸ್ಪತ್ರೆ, ಬ್ಯಾಂಕು, ಶಾಲೆಗಳಿಗೆಲ್ಲ ಇಂಟರ್‌ನೆಟ್ ಹರಿಸುತ್ತಿತ್ತು. ಅದಕ್ಕಾಗಿ ಕಟ್ಟಡಗಳ ನೆಲಮಾಳಿಗೆಯಲ್ಲಿ, ಮೆಟ್ಟಿಲ ಕೆಳಗಿನ ಗೂಡಿನಲ್ಲಿ, ಎಲ್ಲಿ ಜಾಗ ಸಿಕ್ಕಿತೋ ಅಲ್ಲಿ ರೂಟರುಗಳನ್ನು ಕೂರಿಸಿತ್ತು. ತಾನು ಒಳಗೆಳೆದುಕೊಳ್ಳುವ ಗಾಳಿ ಎಷ್ಟು ಬಿಸಿಯಾಗಿದೆ, ತನಗೆ ಬರುತ್ತಿರುವ ವಿದ್ಯುತ್ತಿನ ವೋಲ್ಟೇಜು ಎಷ್ಟಿದೆ ಎಂದು ಒಂದೊಂದು ರೂಟರೂ ನಿಮಿಷಕ್ಕೊಮ್ಮೆ ವರದಿ ಒಪ್ಪಿಸಬೇಕು. ಆಫೀಸಿನ ಗೋಡೆಯ ಮೇಲೆ ಸಿನಿಮಾ ಪರದೆಯನ್ನೂ ನಾಚಿಸುವಂಥ ಪರದೆ. ಅದರ ತುಂಬ ರೂಟರಿಗೊಂದರಂತೆ ಚೌಕ. ಎಲ್ಲ ಸರಿಯಿದ್ದರೆ ಹಸಿರು. ಅಳತೆ ಮಿತಿ ದಾಟಿದರೆ ಕೆಂಪು, ಜೊತೆಗೆ ಸತ್ತವರೂ ಎದ್ದು ಕೂತು ‘ಏನಾಯ್ತು’ ಎಂದು ಕೇಳುವಂಥ ಸೈರನ್ನು.

ಪುಕ್ಕಲರಾಯ ಸೈರನ್ನಿಗೆ ಕಾಯುತ್ತಿರಲಿಲ್ಲ. ತನ್ನ ಮೇಜಿನ ಪರದೆಯಲ್ಲಿ ನಿಮಿಷಕ್ಕೊಂದು ಚುಕ್ಕೆಯಂತೆ ಬೆಳೆಯುವ ಅಳತೆಯ ಗೆರೆಗಳನ್ನೇ ನೋಡುತ್ತ ಕೂರುತ್ತಿದ್ದ. ಯಾವುದೋ ಮೂಲೆಯ ರೂಟರು ಅರ್ಧ ಡಿಗ್ರಿ ಕಾದರೆ ಸಾಕು, ಇವನ ಮೈ ಎರಡು ಡಿಗ್ರಿ ಕಾಯುತ್ತಿತ್ತು. ಎದ್ದು ಹೋಗಿ ಸೂಪರ್‌ವೈಸರ್ ಮೇಜಿನ ಮುಂದೆ ನಿಲ್ಲುತ್ತಿದ್ದ. ಸೂಪರ್‌ವೈಸರ್ ಬೇರೆ ಯಾರೂ ಅಲ್ಲ, ಅವನ ಹೆಂಡತಿಯ ಅಣ್ಣ; ಮನೆಯಲ್ಲಿ ಭಾವ, ಆಫೀಸಿನಲ್ಲಿ ಸಾರ್. ಕುರ್ಚಿಯಿಂದ ಎದ್ದರೆ ಕುರ್ಚಿಯೇ ಉಸ್ಸಪ್ಪಾ ಎನ್ನುವಂಥ ಆಳು. ತಂಗಿಯ ಗಂಡನ ಮುಖ ಕಂಡೊಡನೆಯೇ, ಪ್ರಳಯ ಇವತ್ತೋ ನಾಳೆಯೋ ಎಂದು ಕೇಳಿ, ನಾಳೆಯಾದರೆ ನಾಳೆ ಬಾ ಎಂದು ವಾಪಸು ಕಳಿಸುತ್ತಿದ್ದ. ವರ್ಷಕ್ಕೆ ಮುನ್ನೂರು ಪ್ರಳಯಗಳನ್ನು ಹೀಗೆ ಕುರ್ಚಿಯಿಂದಲೇ ತಡೆದವನು ಅವನು.

ಹೆಂಡತಿಯ ಮಾತೇ ಬೇರೆ. ಆಕೆ ಅದೇ ಕಂಪನಿಯ ಟೆಕ್ನಿಷಿಯನ್. ರೂಟರು ಎಲ್ಲಿದ್ದರೂ ಸರಿ, ಇಳಿಯುತ್ತಿದ್ದಳು, ತೆವಳುತ್ತಿದ್ದಳು, ಹತ್ತುತ್ತಿದ್ದಳು. ದಾರಿಯಲ್ಲಿ ಆನೆ ಎದುರಾದರೆ ಆನೆಯೇ ಗೋಡೆಗೆ ಒರಗಿ ಜಾಗ ಬಿಡಬೇಕಿತ್ತು. ಇಂಥವಳು ಇಂಥವನನ್ನು ಯಾಕೆ ಒಪ್ಪಿದಳೆಂದು ಕೇಳಿದವರಿಗೆ ಆಕೆಯ ಉತ್ತರ ಸಿದ್ಧವಿತ್ತು: ಮನೆಗೆ ಒಬ್ಬರು ಹೆದರಬೇಕು, ನನಗೆ ಪುರುಸೊತ್ತಿಲ್ಲ.

ನೆಲಮಾಳಿಗೆಗಳಲ್ಲಿ ಮೊಬೈಲಿಗೆ ಸಿಗ್ನಲ್ ಇರುವುದಿಲ್ಲ. ಮದುವೆಯಾದ ಹೊಸತರಲ್ಲಿ ಆಕೆ ಕೆಳಗಿಳಿದಳೆಂದರೆ ಇವನು ಇಲ್ಲಿ ಏಳನೇ ಮಹಡಿಯಲ್ಲಿ ಅರ್ಧ ಸಾಯುತ್ತಿದ್ದ. ಕೊನೆಗೆ ಆಕೆಯೇ ಒಂದು ಉಪಾಯ ಹೂಡಿದಳು. ‘ಹೆಂಗೂ ಆ ಗೆರೇನೇ ನೋಡ್ತಾ ಕೂತಿರ್ತೀರಲ್ಲ, ಅದ್ರಲ್ಲೇ ಹೇಳ್ತೀನಿ ಬಿಡಿ’ ಎಂದಳು. ರೂಟರಿನ ಮೂತಿಯಲ್ಲಿ ಗಾಳಿ ಎಳೆದುಕೊಳ್ಳುವ ಜಾಲರಿಯಿದೆ. ಅದರ ಮೇಲೆ ಎರಡೂ ಅಂಗೈ ಒತ್ತಿ ಹಿಡಿದರೆ ಗಾಳಿ ತಡೆದು ಬಿಸಿಯೇರುತ್ತದೆ; ಕೈ ತೆಗೆದರೆ ಇಳಿಯುತ್ತದೆ. ಪರದೆಯ ಗೆರೆಯಲ್ಲಿ ಒಂದು ಪುಟ್ಟ ಉಬ್ಬು ಮೂಡುತ್ತದೆ. ಮೊದಲ ಉಬ್ಬು ಬಂತೆಂದರೆ, ತಲುಪಿದೆ. ಎರಡನೆಯದು ಬಂತೆಂದರೆ, ಕೆಲಸ ಮುಗಿಯಿತು, ಮೇಲೆ ಬರುತ್ತಿದ್ದೇನೆ. ಪ್ರೇಮಪತ್ರ ಬರೆದವರು ಲೋಕದಲ್ಲಿ ಕೋಟಿ ಜನ ಇರಬಹುದು. ಡಿಗ್ರಿ ಲೆಕ್ಕದಲ್ಲಿ ಬರೆದವರು ಈ ಇಬ್ಬರೇ.

ಮೂರನೆಯ ಸನ್ನೆಯ ಮಾತೂ ಒಮ್ಮೆ ಬಂದಿತ್ತು.

‘ಕಷ್ಟ ಬಂದ್ರೆ ಏನ್ ಮಾಡ್ಲಿ? ಅದಕ್ಕೂ ಒಂದು ಇಟ್ಕೊಳ್ಳೋಣ.’

ಅವನು ಎರಡೂ ಕಿವಿ ಮುಚ್ಚಿಕೊಂಡಿದ್ದ. ‘ಅದರ ಮಾತೇ ಬೇಡ ಕಣೇ. ಸನ್ನೆ ಇಟ್ಕೊಂಡ್ರೆ ಅದು ಬಂದೇ ಬಿಡುತ್ತೆ.’

ಹಾಗಾಗಿ ಮೂರನೆಯ ಸನ್ನೆ ಇರಲಿಲ್ಲ.

ಆಫೀಸಿನಿಂದ ನಾಲ್ಕು ಬೀದಿ ಆಚೆಗಿನ ಹಳೇ ಜವಳಿ ಕಟ್ಟಡದ ನೆಲಮಾಳಿಗೆಯ ರೂಟರಿನದೇ ಒಂದು ತಕರಾರು. ಆಸ್ಪತ್ರೆಯ ಲೈನು ಅದರ ಮೂಲಕ ಹೋಗುತ್ತಿದ್ದುದರಿಂದ ಅದರ ಮಿತಿಯನ್ನು ಉಳಿದವಕ್ಕಿಂತ ಕೆಳಗಿಟ್ಟಿದ್ದರು. ಅಂಗೈ ಒತ್ತಿದರೆ ಸಾಕು, ಚೌಕ ಕೆಂಪಾಗಿ ಸೈರನ್ನು ಹೊಡೆದುಕೊಳ್ಳುತ್ತಿತ್ತು. ಇಡೀ ಆಫೀಸು ತಲೆಯೆತ್ತುತ್ತಿತ್ತು, ಭಾವ ಕಾರಣ ಕೇಳುತ್ತಿದ್ದ, ಪುಕ್ಕಲರಾಯ ಕಿವಿಯ ತುದಿಯವರೆಗೂ ಕೆಂಪಾಗುತ್ತಿದ್ದ. ನಿಮ್ಮ ತಂಗಿ ನನಗೆ ಕೈಬೀಸುತ್ತಿದ್ದಾಳೆ ಎಂದು ಸೂಪರ್‌ವೈಸರಿಗೆ ಯಾವ ಬಾಯಲ್ಲಿ ಹೇಳುವುದು? ಒಂದು ದಿನ ಯಾರೂ ನೋಡದಾಗ ಆ ರೂಟರಿನ ಎಚ್ಚರಿಕೆಯನ್ನೇ ಬಂದ್ ಮಾಡಿಬಿಟ್ಟ. ಬಿಸಿಯದೊಂದನ್ನೇ ಬಿಡಿಸಿ ಮುಚ್ಚುವ ತಾಳ್ಮೆಯಿಲ್ಲದೆ ಬಿಸಿ, ವೋಲ್ಟೇಜು, ಎಲ್ಲಕ್ಕೂ ಸೇರಿಸಿ ಬಾಯಿ ಕಟ್ಟಿದ. ಬಾಯಿ ಕಟ್ಟಿದ ರೂಟರಿನ ಚೌಕ ಬೆಂಕಿ ಬಿದ್ದರೂ ಹಸಿರಾಗಿಯೇ ಇರುತ್ತದೆ. ಆಕೆ ಮೇಲೆ ಬಂದೊಡನೆ ಬಿಚ್ಚಬೇಕೆಂದುಕೊಂಡ. ಬಿಚ್ಚಲಿಲ್ಲ. ಹೇಗೂ ನಾನು ಕಣ್ಣು ಮಿಟುಕಿಸದೆ ನೋಡುತ್ತಿರುತ್ತೇನಲ್ಲ ಎಂದು ತನಗೆ ತಾನೇ ಹೇಳಿಕೊಂಡ. ಲೋಕದ ಸಕಲಕ್ಕೂ ಹೆದರುತ್ತಿದ್ದ ಮನುಷ್ಯ ಹೆದರದೆ ಮಾಡಿದ ಒಂದೇ ಒಂದು ಕೆಲಸ ಅದು.

ಆ ಮಧ್ಯಾಹ್ನ ಉಳಿದವರೆಲ್ಲ ಊಟಕ್ಕೆ ಇಳಿದಿದ್ದರು. ಆಫೀಸಿನಲ್ಲಿ ಇವನು, ಆ ತುದಿಯಲ್ಲಿ ಭಾವ, ಇಬ್ಬರೇ. ಹೆಂಡತಿ ಜವಳಿ ಕಟ್ಟಡಕ್ಕೆ ರೂಟರಿನ ಧೂಳಿನ ಜಾಲರಿ ಬದಲಿಸಲು ಹೋಗಿದ್ದಳು. ಸಣ್ಣ ಕೆಲಸ, ಲ್ಯಾಪ್‌ಟಾಪು ಕೂಡ ಒಯ್ದಿರಲಿಲ್ಲ. ಮೊದಲ ಉಬ್ಬು ಬಂತು. ಪುಕ್ಕಲರಾಯ ಡಬ್ಬಿ ಬಿಚ್ಚಿದ. ಡಬ್ಬಿ ಖಾಲಿಯಾಗುವುದರೊಳಗೆ ಎರಡನೆಯದು ಬರುವುದು ವಾಡಿಕೆ.

ಡಬ್ಬಿ ಖಾಲಿಯಾಯಿತು. ಉಬ್ಬು ಬರಲಿಲ್ಲ.

ಗೆರೆ ಮಾತ್ರ ಮೆಲ್ಲನೆ ಏರತೊಡಗಿತ್ತು. ಇಪ್ಪತ್ತಾರು. ಇಪ್ಪತ್ತೆಂಟು. ಅಂಗೈ ಇಟ್ಟಿದ್ದಾಳೆ, ಈಗ ತೆಗೆಯುತ್ತಾಳೆ ಎಂದು ಕಾದ. ಮೂವತ್ತೊಂದು. ಅಂಗೈಯ ಬಿಸಿ ಏರಿದಂತೆಯೇ ಇಳಿಯುತ್ತದೆ. ಇದು ಇಳಿಯುವ ಜಾತಿಯದಲ್ಲ. ಅವನ ಕಣ್ಣು ಪಕ್ಕದ ಗೆರೆಗೆ ಹೋಯಿತು. ವೋಲ್ಟೇಜು. ಐವತ್ತನಾಲ್ಕರ ಮೇಲೆ ಹಾಸಿಗೆ ಹಾಸಿಕೊಂಡು ಮಲಗಿರುತ್ತಿದ್ದ ಗೆರೆ ಐವತ್ತೇಳಕ್ಕೆ ಎದ್ದು ನಿಂತಿತ್ತು.

ಅವನು ಡಬ್ಬಿಯನ್ನು ಪಕ್ಕಕ್ಕೆ ತಳ್ಳಿದ.

ಆ ಕೋಣೆಯಲ್ಲಿ ರೂಟರಿನ ಪಕ್ಕದಲ್ಲೇ ಬ್ಯಾಟರಿಗಳ ಸಾಲಿದೆ. ಕರೆಂಟು ಹೋದರೆ ರೂಟರು ಸಾಯಬಾರದೆಂದು ಇಟ್ಟದ್ದು. ಬಾಗಿಲಾಚೆಯ ಗೋಡೆಯಲ್ಲಿರುವ ಚಾರ್ಜರು ಅವಕ್ಕೆ ಹದವಾಗಿ ಕುಡಿಸುತ್ತಿರಬೇಕು. ಚಾರ್ಜರು ಕೆಟ್ಟು ಬೇಡಬೇಡವೆಂದರೂ ಕುಡಿಸತೊಡಗಿದರೆ ವೋಲ್ಟೇಜು ಏರುತ್ತದೆ, ಬ್ಯಾಟರಿಗಳು ಕಾಯುತ್ತವೆ, ಕಾದು ವಿಷದ, ಕಿಡಿ ಬಿದ್ದರೆ ಸಿಡಿಯುವ ಗಾಳಿ ಬಿಡುತ್ತವೆ. ಬಾಗಿಲು ತೆರೆದಿದ್ದರೆ ಬಿಸಿ ಹೀಗೆ ಕಟ್ಟಿಕೊಳ್ಳುತ್ತಿರಲಿಲ್ಲ. ಅಂದರೆ ಬಾಗಿಲು ಮುಚ್ಚಿದೆ. ತಾನಾಗಿಯೇ ಮುಚ್ಚಿಕೊಳ್ಳುವ ಕಬ್ಬಿಣದ ಬಾಗಿಲು ಅದು. ಒಳಗಿನ ಹಿಡಿ ಮುರಿದು ಯಾವ ಕಾಲವಾಯಿತೋ. ಅದಕ್ಕೇ ಆಕೆ ಒಳಹೋಗುವಾಗ ಇಟ್ಟಿಗೆಯೊಂದನ್ನು ಅಡ್ಡ ಇಡುತ್ತಿದ್ದಳು.

ಆಕೆಗೆ ಫೋನು ಮಾಡಿದ. ವ್ಯಾಪ್ತಿ ಪ್ರದೇಶದ ಹೊರಗೆ. ಕಟ್ಟಡದ ಕಾವಲುಗಾರನಿಗೆ ಮಾಡಿದ. ಗಂಟೆ ಬಾರಿಸಿತು, ಬಾರಿಸುತ್ತಲೇ ಇತ್ತು, ಯಾರೂ ಎತ್ತಲಿಲ್ಲ. ನಿಮಿಷಕ್ಕೊಂದೇ ಚುಕ್ಕೆ. ಚುಕ್ಕೆಯಿಂದ ಚುಕ್ಕೆಯ ನಡುವೆ ಅವನು ಒಂದೊಂದು ಸಲ ಹುಟ್ಟಿ, ಬೆಳೆದು, ಮುದುಕನಾಗಿ ಸತ್ತ. ಮೂವತ್ತನಾಲ್ಕು. ಐವತ್ತೆಂಟು.

ಆಗ ಇನ್ನೊಂದು ಗೆರೆ ಕಡಿದುಬಿತ್ತು. ರೂಟರಿಗೆ ಎಡಕ್ಕೊಂದು ಬಲಕ್ಕೊಂದು ಎಂದು ಎರಡು ಪವರ್ ಸಪ್ಲೈ. ಒಂದು ಹೋದರೆ ಇನ್ನೊಂದು ನಡೆಸುತ್ತದೆ. ಎಡಗಡೆಯ ವೋಲ್ಟೇಜು ಸೊನ್ನೆಯಾಯಿತು. ಮುಂದಿನ ಚುಕ್ಕೆಗೆ ವಾಪಸು ಬಂತು. ಅದರ ಮುಂದಿನ ಚುಕ್ಕೆಗೆ ಮತ್ತೆ ಸೊನ್ನೆ. ಮತ್ತೆ ವಾಪಸು.

ಯಾರೋ ಪ್ಲಗ್ಗು ಕಿತ್ತು ಹಾಕುತ್ತಿದ್ದಾರೆ. ಒಂದೊಂದು ನಿಮಿಷ ಎಣಿಸಿ, ಇವನ ಪರದೆಯ ಚುಕ್ಕೆ ತಪ್ಪದ ಹಾಗೆ, ಕಿತ್ತು ಹಾಕುತ್ತಿದ್ದಾರೆ. ಅವನು ಬೇಡವೆಂದಿದ್ದ ಮೂರನೆಯ ಸನ್ನೆಯನ್ನು ಆಕೆ ಒಬ್ಬಳೇ ಕೂತು ಹುಟ್ಟಿಸಿದ್ದಳು.

ಎದ್ದ. ಭಾವನ ಮೇಜಿನವರೆಗೆ ಹೇಗೆ ತಲುಪಿದನೋ ಅವನಿಗೇ ತಿಳಿಯದು. ಭಾವ ಎಂದಿನಂತೆ ತಲೆಯೆತ್ತದೆಯೇ ಪ್ರಳಯದ ಸಮಾಚಾರ ಕೇಳಿದ. ಜವಳಿ ಕಟ್ಟಡ ಎಂದು ಇವನು ತೊದಲಿದ. ಭಾವ ಗೋಡೆಯತ್ತ ನೋಡಿದ. ಚೌಕ ಗರಿಕೆಯಂತೆ ಹಸಿರಾಗಿತ್ತು.

‘ಹಸಿರಾಗಿದೆಯಲ್ಲಪ್ಪ.’

‘ಅದು ಸುಳ್ಳು ಹಸಿರು, ಭಾವ.’

ಆಫೀಸಿನೊಳಗೆ ಅವನ ಬಾಯಿಂದ ಭಾವ ಎಂಬ ಮಾತು ಹೊರಟದ್ದು ಅದೇ ಮೊದಲು. ಆ ದೊಡ್ಡ ಆಳು ಪೆನ್ನು ಕೆಳಗಿಟ್ಟ. ಎಡಗಡೆಯ ಪ್ಲಗ್ಗಿನ ವಿಷಯ ಕೇಳಿ, ಪ್ಲಗ್ಗು ಸಡಿಲವಿರಬೇಕು, ಹೆದರಬೇಡ ಎಂದ. ನಿಮ್ಮ ತಂಗಿ ಹೋದ ಕಡೆ ಪ್ಲಗ್ಗು ಸಡಿಲವಿರುತ್ತದೆಯೇ ಎಂದು ಇವನು ಕೇಳಿದ. ಆದರೂ ಭಾವನ ಕಣ್ಣು ಹಸಿರು ಚೌಕದ ಮೇಲೇ ಇತ್ತು. ಈ ಬಾಯಿಂದ ಅವನು ಕೇಳಿದ್ದ ಸಾವಿರ ಪ್ರಳಯಗಳಲ್ಲಿ ಒಂದೂ ನಿಜವಾಗಿರಲಿಲ್ಲ.

ಪುಕ್ಕಲರಾಯ ವಾದಿಸಲಿಲ್ಲ. ಭಾವನ ಕೀಬೋರ್ಡನ್ನು ತನ್ನ ಕಡೆಗೆ ಎಳೆದುಕೊಂಡು ಆ ರೂಟರಿನ ಬಾಯಿ ಬಿಚ್ಚಿದ.

ಗೋಡೆಯ ಮೇಲೆ ಹಸಿರು ಸತ್ತು ಕೆಂಪು ಹುಟ್ಟಿತು. ಸೈರನ್ನು ಹೊಡೆದ ರಭಸಕ್ಕೆ ಕಿಟಕಿಯ ಗಾಜು ನಡುಗಿತು, ಮೇಜಿನ ಮೇಲಿನ ಲೋಟ ತಾನಾಗಿ ಅಂಚಿಗೆ ನಡೆದುಕೊಂಡು ಹೋಯಿತು. ಬಿಸಿ, ಕೆಂಪು. ಬಲ ವೋಲ್ಟೇಜು, ಕೆಂಪು. ಎಡ ವೋಲ್ಟೇಜು, ಕೆಂಪು. ಭಾವನ ಮುಖದಲ್ಲಿ ರಕ್ತವೆಲ್ಲ ಇಳಿದು ಕಾಗದದಂತಾಯಿತು. ಯಾವಾಗ ಕಟ್ಟಿದೆ, ಯಾಕೆ ಕಟ್ಟಿದೆ ಎಂದು ಅವನು ಕೇಳಲಿಲ್ಲ.

‘ಅವಳು ಒಳಗಿದ್ದಾಳಾ?’

‘ಒಳಗಿದ್ದಾಳೆ.’

ಪರದೆಯನ್ನು ಒಂದು ಕ್ಷಣವೂ ಒಂಟಿಯಾಗಿ ಬಿಡಬಾರದೆಂಬುದು ಆ ಆಫೀಸಿನ ನಿಯಮ. ಆ ನಿಯಮ ಇಲ್ಲದಿದ್ದರೂ ಯಾರು ಓಡಬೇಕೆಂಬುದು ಆ ಹೊಟ್ಟೆಯನ್ನು ಕಂಡವರಿಗೆಲ್ಲ ಗೊತ್ತು. ‘ಓಡು ನೀನು. ಅಗ್ನಿಶಾಮಕದವ್ರಿಗೆ ನಾನು ಹೇಳ್ತೀನಿ. ಫೋನ್ ಕಿವಿಗೇ ಇಟ್ಕೊಂಡಿರು’ ಎಂದ ಭಾವ.

ಪುಕ್ಕಲರಾಯ ಮೆಟ್ಟಿಲಿಗೆ ಬಿದ್ದ. ಇಳಿದ ಎನ್ನುವುದಕ್ಕಿಂತ ಬಿದ್ದ ಎನ್ನುವುದೇ ಸರಿ. ಏಳು ಮಹಡಿಯ ಕಂಬಿಯನ್ನು ಅವನ ಕೈ ಎಲ್ಲೂ ಮುಟ್ಟಲಿಲ್ಲ. ಎದುರಿನ ರಸ್ತೆಯನ್ನು ದಾಟಲು ದಿನವೂ ಅರ್ಧ ಗಂಟೆ ಎಡ ನೋಡಿ ಬಲ ನೋಡಿ ನಿಲ್ಲುತ್ತಿದ್ದವನು ಅಂದು ಬಸ್ಸಿಗೇ ಬ್ರೇಕು ಹಾಕಿಸಿದ. ಬಸ್ಸಿನವನು ಬೈದ ಬೈಗುಳ ಇನ್ನೂ ಆ ರಸ್ತೆಯಲ್ಲೇ ತೇಲುತ್ತಿದೆಯಂತೆ. ಹೆದರಿಕೆ ಹೋಗಿತ್ತು ಎಂದು ತಿಳಿಯಬೇಡಿ. ಹುಟ್ಟಿದಾಗಿನಿಂದ ಅಷ್ಟು ಹೆದರಿದ್ದೇ ಇಲ್ಲ. ಬೆನ್ನ ಹಿಂದೆ ಹೆದರಿಕೆ ಅಟ್ಟಿಸಿಕೊಂಡು ಬರುತ್ತಿತ್ತು, ಮುಂದೆ ಅದಕ್ಕಿಂತ ದೊಡ್ಡ ಹೆದರಿಕೆ ಕಾದು ನಿಂತಿತ್ತು. ನಡುವೆ ಅವನು ಓಡುತ್ತಿದ್ದ.

ಕಿವಿಯಲ್ಲಿ ಭಾವನ ದನಿ. ವರ್ಷಗಟ್ಟಲೆ ಇವನನ್ನು ಆಡಿಕೊಂಡ ದನಿ ಈಗ ಮಗುವಿನ ಹಾಗೆ ಚುಕ್ಕೆ ಎಣಿಸುತ್ತಿತ್ತು. ಮೂವತ್ತೊಂಬತ್ತು. ಬಲಗಡೆ ಐವತ್ತೊಂಬತ್ತು. ಎಡಗಡೆ ಸೊನ್ನೆ. ಎಡಗಡೆ ವಾಪಸ್ ಬಂತು, ಬಂತಪ್ಪ, ಬಂತು. ಓಡು. ಮತ್ತೆ ಸೊನ್ನೆ.

ಜವಳಿ ಕಟ್ಟಡದ ಬಾಗಿಲಿಗೆ ಬರುವಷ್ಟರಲ್ಲಿ ದನಿ ಸಣ್ಣದಾಯಿತು. ‘ಈ ಸಲ ವಾಪಸ್ ಬರ್ಲಿಲ್ಲ ಕಣಪ್ಪ. ಎರಡು ಚುಕ್ಕೆ ಆಯ್ತು. ಎಡಗಡೆದು ಸೊನ್ನೆಲೇ ಇದೆ.’

ನೆಲಮಾಳಿಗೆಯ ಮೊದಲ ಮೆಟ್ಟಿಲಿಗೆ ಫೋನು ಸತ್ತಿತು.

ಕೆಳಗೆ ಓಣಿ. ಒಂದೇ ದೀಪ, ಅದೂ ಸಾಯಲೋ ಬದುಕಲೋ ಎಂದು ಮಿಣುಕುತ್ತಿತ್ತು. ನೆಲವೆಲ್ಲ ಗುಡಿಸಿ ಒರೆಸಿದ ಒದ್ದೆ. ಗೋಡೆಗೆ ಒರಗಿಸಿದ ಪೊರಕೆ, ಅದರ ಪಕ್ಕದಲ್ಲಿ ಒಪ್ಪವಾಗಿ ಇಟ್ಟ ಇಟ್ಟಿಗೆ. ಹೊಸ ಕಾವಲುಗಾರ ಅಚ್ಚುಕಟ್ಟಿನ ಮನುಷ್ಯ. ಒಳಗೆ ಜನವಿದ್ದಾರೆಂದು ತಿಳಿಯದೆ ಇಟ್ಟಿಗೆ ಎತ್ತಿಟ್ಟು ಒರೆಸಿ, ಟೀ ಕುಡಿಯಲು ಹೋಗಿದ್ದ. ಗಾಳಿಯಲ್ಲಿ ಬ್ಯಾಟರಿಗಳು ಬಿಟ್ಟ ಕೊಳೆತ ಮೊಟ್ಟೆಯ ವಾಸನೆ.

ಬಾಗಿಲ ಹಿಡಿಯತ್ತ ಹಾರಿದ ಕೈ ಅರ್ಧಕ್ಕೇ ನಿಂತಿತು. ಈ ಬಾಗಿಲನ್ನು ಅವನು ಕನಸಿನಲ್ಲಿ, ಸ್ನಾನದ ಮನೆಯಲ್ಲಿ, ಊಟದ ನಡುವೆ ಸಾವಿರ ಸಲ ತೆರೆದಿದ್ದ. ಸಾವಿರ ಸಲವೂ ಒಳಗಿನ ಗಾಳಿ ಹೊರಬಂದು, ಗೋಡೆಯ ಚಾರ್ಜರಿನ ಸ್ವಿಚ್ಚಿನಿಂದ ಒಂದು ಕಿಡಿ ಹಾರಿ, ಕಟ್ಟಡವೇ ಮೇಲೆದ್ದು ಹೋಗಿತ್ತು. ಹಾಗಾಗಿ ಮೊದಲು ಸ್ವಿಚ್ಚು. ಅದನ್ನು ಎರಡೂ ಕೈಯಲ್ಲಿ ಹಿಡಿದು, ಕಣ್ಣು ಬಿಗಿಯಾಗಿ ಮುಚ್ಚಿ, ಎಳೆದ. ಟಪ್ಪೆಂದಿತು. ಅವನ ಎದೆಯೂ ಟಪ್ಪೆಂದಿತು. ಕಟ್ಟಡ ಇದ್ದಲ್ಲೇ ಇತ್ತು. ಆಮೇಲೆ ಬಾಗಿಲನ್ನು ಸೆಳೆದ.

ಬಿಸಿಗಾಳಿ ಮುಖಕ್ಕೆ ಒದ್ದೆ ಕಂಬಳಿ ಎಸೆದಂತೆ ಬಂತು. ಕಣ್ಣು ಉರಿದವು. ರೂಟರಿನ ಸಣ್ಣ ಹಸಿರು ದೀಪಗಳ ಬೆಳಕಿನಲ್ಲಿ ಆಕೆ ನೆಲದ ಮೇಲೆ ಗೋಡೆಗೆ ಒರಗಿ ಕೂತಿದ್ದಳು. ದುಪಟ್ಟಾದಿಂದ ಮೂಗು ಬಾಯಿ ಕಟ್ಟಿಕೊಂಡಿದ್ದಳು. ತಲೆ ಒಂದು ಕಡೆಗೆ ವಾಲಿತ್ತು. ಬಲಗೈಯಲ್ಲಿ ಕಿತ್ತ ಪ್ಲಗ್ಗು. ಬೆರಳು ಬಿಡಿಸಲು ನೋಡಿದ, ಬಿಡಲಿಲ್ಲ. ಪ್ಲಗ್ಗಿನ ವೈರನ್ನು ಇನ್ನೊಂದು ತುದಿಯಿಂದ ಕಿತ್ತು, ಆಕೆಯ ಕಂಕುಳಿಗೆ ಕೈಹಾಕಿ ಎಳೆದ. ಉಸಿರು ಬಿಗಿಹಿಡಿದು ಓಣಿಯುದ್ದಕ್ಕೂ ಎಳೆದ. ಮೆಟ್ಟಿಲ ಮೇಲೆ ಒಂದೊಂದಾಗಿ ಎಳೆದ. ಬಿಸಿಲು ಮುಖಕ್ಕೆ ಬಿದ್ದಾಗಲೇ ಉಸಿರಾಡಿದ್ದು. ಆಕೆಯ ಮೂಗಿನ ಬಳಿ ಕೈಹಿಡಿದ. ಕೈಯೇ ಎಷ್ಟು ನಡುಗುತ್ತಿತ್ತೆಂದರೆ ಗಾಳಿ ಬರುತ್ತಿದೆಯೋ ಇಲ್ಲವೋ ತಿಳಿಯಲಿಲ್ಲ. ಆಕೆಯ ಹಣೆಗೆ ತನ್ನ ಅಂಗೈ ಒತ್ತಿ ಕೂತ. ತೆಗೆದ. ಮತ್ತೆ ಒತ್ತಿದ. ಅವನಿಗೆ ಗೊತ್ತಿದ್ದ ಭಾಷೆ ಅದೊಂದೇ.

ಯುಗ ಕಳೆದ ಮೇಲೆ ಆಕೆ ಕೆಮ್ಮಿದಳು. ಕೆಮ್ಮಿ ಕೆಮ್ಮಿ ಕಣ್ಣು ಬಿಟ್ಟಳು.

‘ಮೆಟ್ಲು ಇಳಿದು ಬಂದ್ರಾ?’ ದನಿ ಕರಟಿತ್ತು.

‘ಹ್ಞೂಂ.’

‘ಅದಕ್ಕೇ ಲೇಟು. ಲಿಫ್ಟ್ ಯಾಕಿರೋದು.’

ಅವನು ನಗಲು ಹೋದ. ಬಾಯಿ ನಗುವಿನ ಬದಲು ಅಳುವಿನ ಕಡೆಗೆ ತಿರುಗಿತು. ಎರಡೂ ಪ್ಲಗ್ಗನ್ನು ಕಿತ್ತುಹಾಕಬಹುದಿತ್ತಲ್ಲ, ಎಲ್ಲ ನಿಂತುಹೋಗಿದ್ದರೆ ಆಗಲೇ ಗೊತ್ತಾಗುತ್ತಿತ್ತಲ್ಲ ಎಂದು ಕೇಳಿದ.

‘ಕಿತ್ತಿದ್ರೆ ಕೆಲ್ಸಕ್ಕೆ ನಾನೇ ಆಫ್ ಮಾಡಿದೀನಿ ಅಂತ ಅಣ್ಣ ಸುಮ್ನೆ ಕೂತಿರ್ತಿದ್ದ. ಮಾತಾಡೋಕೆ ಒಂದು ಬಾಯಿ ಬೇಕಲ್ರೀ.’ ಮತ್ತೆ ಕೆಮ್ಮಿದಳು. ‘ಸೈರನ್ನಿಗೇ ಎಲ್ರೂ ಬರ್ತೀರ ಅಂದ್ಕೊಂಡಿದ್ದೆ. ಹೊಡ್ಕೊಳ್ಲಿಲ್ವಾ?’

ಆಕೆ ಅವನ ಮುಖವನ್ನು ಒಮ್ಮೆ ನೋಡಿದಳು, ಕಣ್ಣು ಮುಚ್ಚಿಕೊಂಡಳು. ಅಗ್ನಿಶಾಮಕದ ಗಾಡಿ ತಿರುವಿನಲ್ಲಿ ಕೂಗುತ್ತ ಬರುತ್ತಿತ್ತು.

ಆಕೆಯ ಎದೆ ತಿಳಿಯಾಗಲು ಬಹಳ ದಿನ ಹಿಡಿಯಿತು. ಅಷ್ಟೂ ದಿನ ಪುಕ್ಕಲರಾಯ ಆಕೆಯ ಪಕ್ಕದಲ್ಲಿ ಕೂತು ಉಸಿರು ಎಣಿಸಿದ. ಎಲ್ಲವನ್ನೂ ಹೇಳಿಕೊಂಡ. ಆಕೆ ಬೈಯಲಿಲ್ಲ, ಅದಕ್ಕೆ ಅವನಿಗೆ ಇನ್ನೂ ಭಯವಾಯಿತು. ಮೇಲಿನವರು ಅವನನ್ನು ಪರದೆಯಿಂದ ಎಬ್ಬಿಸಬೇಕೆಂದಾಗ, ಹೆದರುವ ಮನುಷ್ಯ ಕಳೆದುಹೋದರೆ ಇನ್ನೊಬ್ಬನನ್ನು ಎಲ್ಲಿಂದ ತರುತ್ತೀರಿ ಎಂದು ಭಾವ ಕೇಳಿದನಂತೆ. ಇವನ ಕೈಯಿಂದ ಬಾಯಿ ಕಟ್ಟುವ ಅಧಿಕಾರವನ್ನು ಮಾತ್ರ ಕಿತ್ತುಕೊಂಡು ಅಲ್ಲೇ ಕೂರಿಸಿದರು. ಬಾಗಿಲಿಗೆ ಒಳಗಿನಿಂದ ಹೊಸ ಹಿಡಿ ಬಂತು.

ಆಕೆ ಮತ್ತೆ ಜವಳಿ ಕಟ್ಟಡಕ್ಕೆ ಇಳಿದ ದಿನ ಆಫೀಸು ತುಂಬಿತ್ತು. ಹೋಗುವ ಮುಂಚೆ ಮೂರನೆಯ ಸನ್ನೆಯನ್ನು ಆಕೆ ಗಟ್ಟಿಯಾಗಿ ಹೇಳಿ, ಅವನ ಬಾಯಲ್ಲೂ ಹೇಳಿಸಿದ್ದಳು. ಅವನು ಕುರ್ಚಿಯ ತುದಿಗೆ ಕೂತು ಹಸಿರು ಚೌಕವನ್ನೇ ನೋಡುತ್ತಿದ್ದ. ಹಸಿರನ್ನು ನಂಬುವುದನ್ನು ಅವನು ಬಿಟ್ಟಿದ್ದ. ಕೆಂಪಾಗಲಿ, ದೇವರೇ, ಕೆಂಪಾಗಲಿ ಎಂದು ಕೈಮುಗಿದು ಕೂತ ನೌಕರ ಆ ಕಂಪನಿಯಲ್ಲಿ ಹಿಂದೆಯೂ ಇರಲಿಲ್ಲ, ಮುಂದೆಯೂ ಹುಟ್ಟಲಾರ.

ಚೌಕ ಕೆಂಪಾಯಿತು. ಸೈರನ್ನು ಹೊಡೆದುಕೊಂಡಿತು. ಎಲ್ಲರ ತಲೆಯೂ ಇವನ ಕಡೆಗೆ ತಿರುಗಿತು.

‘ತಲುಪಿದ್ಲಂತೆ ಕಣ್ರಪ್ಪ, ಕೆಲ್ಸ ನೋಡ್ಕೊಳ್ಳಿ’ ಎಂದ ಭಾವ.

ಎಲ್ಲರೂ ನಕ್ಕು ತಮ್ಮ ತಮ್ಮ ಕೆಲಸಕ್ಕೆ ಮರಳಿದರು. ಭಾವ ಮಾತ್ರ ತನ್ನ ಕುರ್ಚಿಯನ್ನು ಇವನ ಪಕ್ಕಕ್ಕೆ ಉರುಳಿಸಿಕೊಂಡು ಬಂದು ಕೂತ. ಸೈರನ್ನು ನಿಂತು ಚೌಕ ಮತ್ತೆ ಹಸಿರಾಯಿತು. ಇಬ್ಬರ ಕಣ್ಣೂ ಗೆರೆಯ ಮೇಲಿತ್ತು. ಎರಡನೆಯ ಉಬ್ಬು ಇನ್ನೂ ಬರಬೇಕಿತ್ತು.